ಸಹಾಯ ಬೇಕು: ಚೆಲ್ಲೋಗೆ ತರಬ್ ಕೂಡಿಸುವವರು, ಬೆಳಗಾವಿ ಇಲ್ಲಾ ಮಿರಜ್

ನಮಸ್ಕಾರ್ರಿ. ವಚನ, ಅಭಂಗ ಎರಡನ್ನೂ ಚೆಲ್ಲೋದಲ್ಲಿ (ಪಿಟೀಲಿನ ಜಾತಿಯ ದೊಡ್ಡ ಕಮಾನು ವಾದ್ಯ) ನುಡಿಸುವ ತಯಾರಿ ನಡೆದಿದೆ. ವಾದ್ಯದ ಮೂಲ ಶ್ರುತಿ ಸಿ-ಜಿ-ಡಿ-ಎ. ನಾಲ್ಕೂ ತಂತಿ ಸಾ-ಪ-ಸಾ-ಪ ಆಗಬೇಕು; ಷಡ್ಜ ‘ಡಿ’ ಆದರೆ ಕೆಳಗಿನ ಎರಡು ತಂತಿ (ಸಿ, ಜಿ) ಒಂದೊಂದು ಸ್ವರ ಏರಬೇಕು. ಎಳೆತ ಕಾಲು ಭಾಗಕ್ಕಿಂತ ಹೆಚ್ಚಾಗಿ, ತಂತಿ ಹೊರುವ ಬ್ರಿಡ್ಜ್ ಕುತ್ತಿಗೆ ಕಡೆ ವಾಲುತ್ತದೆ. ಹಂಗಾಗಿ ಆ ಎರಡಕ್ಕೆ ತೆಳು ತಂತಿ ಬೇಕು. ಷಡ್ಜ ‘ಸಿ’ ಇಟ್ಟರೆ ಮೇಲಿನೆರಡು ಸಡಿಲಾಗಿ ಕಮಾನಿಗೆ ಕಚ್ಚುವುದಿಲ್ಲ, ಅದು ಬ್ಯಾಡ.

ಚೆಲ್ಲೋ ವಾದಕಿ ಸಾಸ್ಕಿಯಾ ರಾವ್-ದ ಹಾಸ್ ಅವರ ಭಾರತೀಯ ಚೆಲ್ಲೋದಲ್ಲಿ ತರಬ್, ಅಂದರೆ ಮುಟ್ಟದೆ ತಾನಾಗಿ ಮಿಡಿಯುವ ಅನುರಣನ ತಂತಿಗಳು ಇವೆ. ಹಾಗೆ ಕೂಡಿಸಬೇಕು, ಮೇಲ್ಹಲಗೆಗೆ ತೂತು ಕೊರೆಯದೆ. ಮಿರಜಿನ ಸಿತಾರ್ ಕಾರಿಗರರಲ್ಲಿ ಕಮಾನು ವಾದ್ಯ ಗೊತ್ತಿದ್ದವರು ಇದ್ದಾರೇನ್ರಿ? ನಾಲ್ಕೂ ತಂತಿ ಒಮ್ಮೆಲೇ ಬಿಚ್ಚಬಾರದು ಅಂತ ಅವರಿಗೆ ತಿಳಿದಿರಬೇಕು: ಒಳಗೆ ಮೇಲ್ಹಲಗೆ, ಹಿಂಬದಿ ಹಲಗೆ ನಡುವೆ ನಿಂತ ಕಡ್ಡಿ (ಸೌಂಡ್‌ಪೋಸ್ಟ್) ಅಂಟಿಸಿದ್ದಲ್ಲ, ಬಿದ್ದೀತು. ಮಳೆಗಾಲದಲ್ಲಿ ಉಬ್ಬುವ ಗೂಟಗಳಿಗೆ ಏನು ಹಚ್ಚುತ್ತೀರಿ, ಅದನ್ನೂ ಹೇಳ್ರಿ.