ಎರಡನೆಯ ದಿನ ಕೇಳಿಸಿದ ಮರ್ಮರ ಎಲ್ಲಿ ಹೋಯಿತು?

ಪ್ರಶ್ನೆ (ಮಗುವಿನ ತಂದೆ):
ನಮ್ಮ ಮಗಳು ಹುಟ್ಟಿ ಇಂದಿಗೆ 12 ದಿನ. ಎರಡನೆಯ ದಿನ ಪರೀಕ್ಷಿಸಿದ ಮಕ್ಕಳ ವೈದ್ಯರು, ಹೃದಯದಲ್ಲಿ ಸಣ್ಣ ಮರ್ಮರ ಕೇಳಿಸುತ್ತಿದೆ, ಮುಂದಿನ ವಾರ ಮತ್ತೆ ನೋಡೋಣ ಎಂದಿದ್ದರು. ಮೊನ್ನೆ ನೋಡಿದಾಗ ಆ ಸದ್ದು ಇರಲಿಲ್ಲವಂತೆ. ಸಂತೋಷವೇ, ಆದರೆ ಇದ್ದದ್ದೇನು ಎಂಬುದು ತಿಳಿಯದು. ಸಹಜವಾದ ಹೃದಯ ಹೇಗೆ ಕೆಲಸ ಮಾಡುತ್ತದೆ ಎಂದು ಬಲ್ಲವರು ವಿವರಿಸಿದರೆ ಮನೆಯ ಹಿರಿಯರಿಗೂ ಹೇಳಬಹುದು.

ಉತ್ತರ (ಜೀವಶಾಸ್ತ್ರ ಅಧ್ಯಾಪಕಿ):
ಹೃದಯವೆಂದರೆ ಅಂಟಿಕೊಂಡಿರುವ ಎರಡು ಪಂಪುಗಳು. ಮೈಯೆಲ್ಲ ಸುತ್ತಿ ಬಂದ ರಕ್ತ ಬಲ ಹೃತ್ಕರ್ಣದಿಂದ (ಮೇಲಿನ ಕೋಣೆ) ಬಲ ಹೃತ್ಕುಕ್ಷಿಗೆ (ಕೆಳಗಿನ ಕೋಣೆ) ಇಳಿದು ಶ್ವಾಸಕೋಶಕ್ಕೆ ಹೋಗುತ್ತದೆ. ಅಲ್ಲಿ ಆಮ್ಲಜನಕ ಪಡೆದು ಎಡ ಹೃತ್ಕರ್ಣಕ್ಕೆ ಮರಳಿ, ಎಡ ಹೃತ್ಕುಕ್ಷಿಯಿಂದ ಮಹಾಪಧಮನಿಯ ಮೂಲಕ ಇಡೀ ದೇಹಕ್ಕೆ ಹರಿಯುತ್ತದೆ. ರಕ್ತ ಹಿಂದಿರುಗದಂತೆ ತಡೆಯುವ ಕವಾಟಗಳು ನಾಲ್ಕು. ‘ಲಬ್-ಡಬ್’ ಎಂಬುದು ಅವು ಮುಚ್ಚಿಕೊಳ್ಳುವಾಗಿನ ಸದ್ದು.

ಗರ್ಭದಲ್ಲಿ ಮಾತ್ರ ಲೆಕ್ಕವೇ ಬೇರೆ. ಅಲ್ಲಿ ಮಗುವಿನ ಶ್ವಾಸಕೋಶದಲ್ಲಿ ದ್ರವ ತುಂಬಿರುತ್ತದೆ, ಆಮ್ಲಜನಕ ಬರುವುದು ಮಾಸಿನಿಂದ. ಆದ್ದರಿಂದ ರಕ್ತದ ಬಹುಪಾಲು ಶ್ವಾಸಕೋಶಕ್ಕೆ ಹೋಗದೆಯೇ ದಾಟಿಕೊಳ್ಳಲು ಎರಡು ಅಡ್ಡದಾರಿಗಳಿವೆ: ಹೃತ್ಕರ್ಣಗಳ ನಡುವಿನ ಗೋಡೆಯಲ್ಲಿ ಫೊರಾಮೆನ್ ಓವೇಲ್ ಎಂಬ ಕಂಡಿ, ಮತ್ತು ಶ್ವಾಸಕೋಶದ ಅಪಧಮನಿಯನ್ನು ಮಹಾಪಧಮನಿಗೆ ಸೇರಿಸುವ ಡಕ್ಟಸ್ ಆರ್ಟೀರಿಯೋಸಸ್ ಎಂಬ ಕಿರುನಾಳ. ಮಗು ಹುಟ್ಟಿ ಉಸಿರೆಳೆದಾಗ ಶ್ವಾಸಕೋಶ ಅರಳಿ, ಅಲ್ಲಿಂದ ಎಡಗಡೆಗೆ ಬರುವ ರಕ್ತ ಹೆಚ್ಚಿ, ಆ ಒತ್ತಡಕ್ಕೆ ಕಂಡಿಯ ಪರದೆ ಕದದಂತೆ ಮುಚ್ಚಿಕೊಳ್ಳುತ್ತದೆ. ಕಿರುನಾಳ ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಬಿಗಿದು ಮುಚ್ಚುತ್ತದೆ. ಹಾಗೆ ಕಿರಿದಾಗುತ್ತಿರುವ ನಾಳದಲ್ಲಿ ನುಗ್ಗುವ ರಕ್ತವೇ ಮರ್ಮರವಾಗಿ ಕೇಳಿಸುವುದುಂಟು. ನಿಮ್ಮ ಮಗುವಿನದು ಅದೇ ಎಂದು ನಾನು ಇಲ್ಲಿ ಕುಳಿತು ಹೇಳಲಾರೆ. ದಿನಗಳ ಲೆಕ್ಕವೇನೋ ಹೊಂದುತ್ತದೆ.

ಉತ್ತರ (ನಿವೃತ್ತ ದಾದಿ):
ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಎದೆಯ ಮೇಲೆ ಕೈಯಿಟ್ಟು, ಇಷ್ಟು ಜೋರಾಗಿ ಬಡಿಯುತ್ತಿದೆಯಲ್ಲ ಎಂದು ಗಾಬರಿಯಾಗುವ ಅಜ್ಜಿಯರನ್ನು ಬಹಳ ನೋಡಿದ್ದೇನೆ. ನವಜಾತ ಶಿಶುವಿನ ಹೃದಯ ನಿಮಿಷಕ್ಕೆ 120ರಿಂದ 160 ಸಲ ಬಡಿಯುವುದು ಸಹಜ. ಮೊದಲ ದಿನಗಳಲ್ಲಿ ಅಂಗೈ ಅಂಗಾಲು ತುಸು ನೀಲಿಯಾಗಿ ಕಂಡರೂ ಸಾಮಾನ್ಯವಾಗಿ ಚಿಂತೆಯಿಲ್ಲ. ಆದರೆ ನಾಲಿಗೆ ಅಥವಾ ತುಟಿ ನೀಲಿಗಟ್ಟಿದರೆ, ಹಾಲು ಕುಡಿಯುವಾಗ ಮಗು ಏದುಸಿರು ಬಿಟ್ಟು ಬೆವರಿದರೆ, ಮರ್ಮರ ಇರಲಿ ಇಲ್ಲದಿರಲಿ, ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೃದಯದ ಕೆಲವು ದೊಡ್ಡ ದೋಷಗಳಲ್ಲಿ ಮರ್ಮರವೇ ಕೇಳಿಸುವುದಿಲ್ಲ.

ಪ್ರಶ್ನಿಸಿದವರು:
ಇಬ್ಬರಿಗೂ ಧನ್ಯವಾದಗಳು. ಆ ಕಂಡಿ ಪೂರ್ತಿ ಬೆಸೆಯದೆ ಉಳಿದರೆ?

ಉತ್ತರ (ಜೀವಶಾಸ್ತ್ರ ಅಧ್ಯಾಪಕಿ):
ದೊಡ್ಡವರಲ್ಲಿಯೂ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅದು ಪೂರ್ತಿ ಬೆಸೆದಿರುವುದಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಅದು ಇದೆಯೆಂಬುದೇ ಗೊತ್ತಿರುವುದಿಲ್ಲ.