ಹೊರಡುವ ಮೊದಲೇ ಇಳಿಯುವ ವಿಮಾನ

ಅಕ್ಕ: ಟಿಕೆಟ್ ಬಂತು, ಚಿತ್ರ ಹಾಕಿದ್ದೇನೆ. ಟೋಕಿಯೊದಿಂದ ಜುಲೈ 12, 17:00. ಲಾಸ್ ಏಂಜಲೀಸ್‌ಗೆ ಜುಲೈ 12, 11:00. ಚಿಕ್ಕಪ್ಪ, ಕರೆದುಕೊಂಡು ಹೋಗಲು ಬರುತ್ತೀರಲ್ಲವೇ?

ದೊಡ್ಡಪ್ಪ: ತಪ್ಪಾಗಿ ಅಚ್ಚಾಗಿದೆ. ಸಂಜೆ ಹೊರಟವಳು ಅದೇ ದಿನ ಬೆಳಿಗ್ಗೆ ಇಳಿಯುವುದು ಹೇಗೆ? ಕೂಡಲೇ ಫೋನ್ ಮಾಡಿ ತಿದ್ದಿಸು.

ಅತ್ತೆ: 13 ಇರಬೇಕು. ಸಂಜೆ 5ರಿಂದ ಬೆಳಿಗ್ಗೆ 11ರವರೆಗೆ, 18 ಗಂಟೆ ಕುಳಿತೇ ಇರಬೇಕೇ? ಕಾಲು ಊದಿಕೊಳ್ಳುತ್ತದೆ ಪುಟ್ಟಿ, ನಡುನಡುವೆ ಎದ್ದು ಓಡಾಡು.

ಅಕ್ಕ: ಪ್ರಯಾಣ ಹತ್ತೇ ಗಂಟೆ ಅತ್ತೆ. ಹೊರಡುವ ಹೊತ್ತು ಟೋಕಿಯೊ ಗಡಿಯಾರದ್ದು, ಇಳಿಯುವ ಹೊತ್ತು ಲಾಸ್ ಏಂಜಲೀಸ್ ಗಡಿಯಾರದ್ದು. ನೇರವಾಗಿ ಕಳೆಯಬಾರದು.

ದೊಡ್ಡಪ್ಪ: ಅದು ನನಗೂ ಗೊತ್ತು. ಅಂತರ 16 ಗಂಟೆ. 17ಕ್ಕೆ 10 ಕೂಡಿಸು, 16 ಕೂಡಿಸು, 43. ಅಂದರೆ 13ರ ಸಂಜೆ 7. ಚಿಕ್ಕಪ್ಪ 13ಕ್ಕೆ ರಜೆ ಹಾಕಲಿ.

ಚಿಕ್ಕಪ್ಪ: ಅಣ್ಣಾ, ಹೋದ ಸಲ ನಿನ್ನ ಲೆಕ್ಕ ನಂಬಿ ಮರುದಿನ ಹೋಗಿ ನಿಂತವನು ನಾನು. ತಂಗಿ ಆಗಲೇ ಟ್ಯಾಕ್ಸಿ ಹಿಡಿದು ಮನೆ ಸೇರಿದ್ದಳು. ಇಲ್ಲಿನ ಗಡಿಯಾರ ಟೋಕಿಯೊಗಿಂತ ಹಿಂದಿದೆ, 16 ಕಳೆಯಬೇಕು.

ನಾನು: ಎರಡನ್ನೂ ಯುಟಿಸಿಗೆ, ಅಂದರೆ ಎಲ್ಲ ದೇಶಗಳ ಗಡಿಯಾರಕ್ಕೂ ಆಧಾರವಾದ ಸಮಯಕ್ಕೆ, ತಂದುಬಿಡಿ, ಜಗಳವೇ ಇರುವುದಿಲ್ಲ. ಟೋಕಿಯೊ 9 ಗಂಟೆ ಮುಂದೆ, ಆದ್ದರಿಂದ ಅಲ್ಲಿನ 17:00 ಎಂದರೆ ಯುಟಿಸಿ 08:00. ಹತ್ತು ಗಂಟೆ ಹಾರಿದರೆ 18:00. ಲಾಸ್ ಏಂಜಲೀಸ್ ಬೇಸಿಗೆಯಲ್ಲಿ 7 ಗಂಟೆ ಹಿಂದೆ. ಬಂತಲ್ಲ 11:00.

ದೊಡ್ಡಪ್ಪ: ಸರಿ. ಆದರೆ ಪೆಸಿಫಿಕ್ ಸಾಗರದ ನಡುವಿನ ದಿನಾಂಕ ರೇಖೆಯನ್ನು ಎಲ್ಲರೂ ಮರೆತಿರಿ. ಪೂರ್ವಕ್ಕೆ ಹಾರಿ ಅದನ್ನು ದಾಟಿದರೆ ಒಂದು ದಿನ ಕಳೆಯಬೇಕು. ಹಾಗಾದರೆ 11ನೇ ತಾರೀಕು!

ಅತ್ತೆ: 11ರಂದು ಅವಳು ಇನ್ನೂ ಬಟ್ಟೆ ಜೋಡಿಸುತ್ತಿರುತ್ತಾಳೆ.

ನಾನು: ದೊಡ್ಡಪ್ಪ, 16 ಕಳೆದಾಗಲೇ ಆ ರೇಖೆಯ ಲೆಕ್ಕವೂ ಮುಗಿಯಿತು. ರೇಖೆ ಹಿಡಿದೇ ಹೋಗುವುದಾದರೆ 16 ಬಿಡಿ, 24ರಲ್ಲಿ 16 ಹೋಗಿ ಉಳಿಯುವ 8 ಗಂಟೆ ಕೂಡಿಸಿ ಒಂದು ದಿನ ಕಳೆಯಿರಿ. ಎರಡರಲ್ಲಿ ಒಂದನ್ನು ಮಾತ್ರ ಮಾಡಬೇಕು.

ದೊಡ್ಡಪ್ಪ: ಕಾಗದದ ಮೇಲೆ ಎರಡೂ ರೀತಿ ಮಾಡಿ ನೋಡಿದೆ. 12ನೇ ತಾರೀಕೇ. ಆದರೂ ‘ಸ್ಥಳೀಯ ಸಮಯ’ ಎಂದು ದಪ್ಪ ಅಕ್ಷರದಲ್ಲಿ ಬರೆಯಲು ಅವರಿಗೇನು ಕಷ್ಟವಿತ್ತು? ಇರಲಿ, 16 ಕಳೆಯುವುದು. ಬಾಯಿಪಾಠವಾಯಿತು.

ಅಕ್ಕ: ಹಿಂತಿರುಗುವುದು ನವೆಂಬರ್ 20ಕ್ಕೆ. ಆಗ ಅಂತರ 17 ಗಂಟೆ. ಆ ತಿಂಗಳ ಮೊದಲ ಭಾನುವಾರ ಜಪಾನಿನಲ್ಲಿ ಅಲ್ಲ, ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ.

ದೊಡ್ಡಪ್ಪ: ಆ ಟಿಕೆಟನ್ನು ಈ ಗುಂಪಿಗೆ ಹಾಕಬೇಡ.