ಆಂಫೊಟೆರಿಸಿನ್ ಕಣ್ಣಿನ ಹನಿ ಕದಡಿತು, ಫಿಲ್ಟರ್ ಮಾಡಿ ಕೊಡಬಹುದೇ?

ಶಿರಸಿ_ಫಾರ್ಮಸಿ:
ಅಡಿಕೆ ಸೋಗೆ ತಾಗಿ ಕರಿಗುಡ್ಡೆಯಲ್ಲಿ ಫಂಗಸ್ ಹುಣ್ಣಾದವರೊಬ್ಬರು ನಮ್ಮಲ್ಲಿ ಅಡ್ಮಿಟ್ ಆಗಿದ್ದಾರೆ. ದೇವಿಮನೆ ಘಟ್ಟದಲ್ಲಿ ಮಣ್ಣು ಕುಸಿದು ಫಂಗಸ್‌ಗೆ ಹಾಕುವ ನಟಮೈಸಿನ್ 5% ಹನಿ ಬಂದಿಲ್ಲ. ಡಾಕ್ಟರು ಅದರ ಬದಲು ಇನ್ನೊಂದು ಫಂಗಸ್ ಮದ್ದು ಆಂಫೊಟೆರಿಸಿನ್ 0.15% ಮಾಡಿಕೊಡಿ ಅಂದರು. 50 ಮಿಗ್ರಾಂ ವಯಲ್‌ಗೆ 10 ಮಿಲೀ ಸ್ಟೆರೈಲ್ ವಾಟರ್ ಹಾಕಿದಾಗ ತಿಳಿ ಹಳದಿ ಇತ್ತು. ಅದರಿಂದ 3 ಮಿಲೀ ತೆಗೆದು 7 ಮಿಲೀ ನಾರ್ಮಲ್ ಸಲೈನ್ (ಉಪ್ಪುನೀರು) ಸೇರಿಸಿದೆ, ಕದಡಿತು. ಕ್ರಿಮಿ ತಡೆಯುವ 0.22 ಮೈಕ್ರಾನ್ ಫಿಲ್ಟರ್ ಹಾಯಿಸಿದ ಮೇಲೆ ತಿಳಿಯಾಯ್ತು. ಎಲ್ಲ ಲ್ಯಾಮಿನಾರ್ ಹುಡ್ (ಶುದ್ಧ ಗಾಳಿ ಹರಿಯುವ ಪೆಟ್ಟಿಗೆ) ಒಳಗೇ ಮಾಡಿದ್ದು. ಬಾಟಲಿ ವಾರ್ಡಿಗೆ ಹೋಗಿಯಾಗಿದೆ, ಈಗ ಹೆದರಿಕೆ ಆಗ್ತಾ ಇದೆ.

ಕುಮಟಾ_ಕಣ್ಣು:
ಕರೆಂಟ್ ಹೋಗಿ ವಯಲ್ ಹಾಳಾಗಿರಬಹುದಾ?

ಶಿರಸಿ_ಫಾರ್ಮಸಿ:
ಇಲ್ಲ, ಫ್ರಿಜ್ ಚಾರ್ಟ್‌ನಲ್ಲಿ 2–8 ಡಿಗ್ರಿ ಒಳಗೇ ಇದೆ.

ಕಾರವಾರ_ಹಳಬ:
ಮೊದಲು ವಾರ್ಡಿಗೆ ಫೋನ್ ಮಾಡಿ ಆ ಬಾಟಲಿ ವಾಪಸ್ ತರಿಸಿ, ಡಾಕ್ಟರಿಗೂ ತಿಳಿಸಿ. ಉಳಿದದ್ದು ಆಮೇಲೆ ಓದಿ.

ತಪ್ಪು ಸಲೈನ್‌ನದು. ಈ ಮದ್ದು ನೀರಿನಲ್ಲಿ ತಾನಾಗಿ ಕರಗದು. ಡಿಆಕ್ಸಿಕೋಲೇಟ್ ಎಂಬ ಪಿತ್ತಲವಣದ ಆಸರೆಯಲ್ಲಿ ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ. ಉಪ್ಪು ಸೇರಿದರೆ ಆ ಆಸರೆ ತಪ್ಪಿ ಗಡ್ಡೆಗಟ್ಟುತ್ತದೆ. ಬೆಂಜೈಲ್ ಆಲ್ಕೋಹಾಲ್ ಬೆರೆಸಿದ ನೀರೂ ಹಾಗೇ ಮಾಡುತ್ತದೆ, ಲೇಬಲ್ ನೋಡಿಕೊಳ್ಳಿ.

ಫಿಲ್ಟರ್ ಆದ ಮೇಲೆ ತಿಳಿಯಾದದ್ದೇ ನನಗೆ ಹೆಚ್ಚು ಆತಂಕ. ಮದ್ದು ಫಿಲ್ಟರ್‌ನಲ್ಲೇ ಉಳಿದಿರುತ್ತದೆ. ಹುಣ್ಣಾದ ಕಣ್ಣಿಗೆ ಗಂಟೆಗೊಮ್ಮೆ ಬೀಳುವ ಹನಿಯಲ್ಲಿ ಎಷ್ಟಿದೆ ಅಂತ ಯಾರಿಗೂ ಹೇಳಲಾಗದು. ಕದಡದೇ ಇದ್ದಾಗಲೂ ಈ ಮದ್ದಿಗೆ 0.22 ಬೇಡ.

ಹೊಸ ವಯಲ್ ಒಡೆಯಿರಿ. ಅದೇ ಲೆಕ್ಕ, ಆದರೆ 7 ಮಿಲೀ ಕೂಡ ಸ್ಟೆರೈಲ್ ವಾಟರೇ. ಫಿಲ್ಟರ್ ಇಲ್ಲದ್ದರಿಂದ ಕೈ ಶುದ್ಧಿಯೇ ನಿಮ್ಮ ಕಾವಲು: ಪ್ರತಿ ಸಲ ಹೊಸ ಸೂಜಿ, ವಯಲ್ ಬಾಯಿ ಸ್ಪಿರಿಟ್‌ನಿಂದ ಒರೆಸಿ ಒಣಗಲು ಬಿಡಿ, ಗ್ಲೌಸ್ ಹುಡ್‌ನಿಂದ ಹೊರಗೆ ಹೋದರೆ ಬದಲಿಸಿ. ಬಾಟಲಿಗೆ ಫಾಯಿಲ್ ಸುತ್ತಿ ಫ್ರಿಜ್‌ನಲ್ಲಿಡಿ, ಬೆಳಕು ಆಗದು. ಕೆಡದಂತೆ ಕಾಯುವ ಪ್ರಿಸರ್ವೇಟಿವ್ ಇಲ್ಲ, ನಾವು 7 ದಿನಕ್ಕಿಂತ ಇಡುವುದಿಲ್ಲ. ಒಬ್ಬರ ಬಾಟಲಿ ಇನ್ನೊಬ್ಬರಿಗೆ ಬೇಡವೇ ಬೇಡ.

ಶಿರಸಿ_ಫಾರ್ಮಸಿ:
ಬಾಟಲಿ ವಾಪಸ್ ಬಂತು ಸರ್, ಡಾಕ್ಟರಿಗೂ ಹೇಳಿದೆ. ಹೊಸದು ತಿಳಿ ಹಳದಿಯಾಗೇ ನಿಂತಿದೆ, ಅರ್ಧ ಗಂಟೆ ನೋಡಿದೆ. ಬ್ಯಾಕ್ಟೀರಿಯಾಕ್ಕೆ ಕೊಡುವ ವ್ಯಾಂಕೊಮೈಸಿನ್ 5% ಹನಿಗೆ ಫಿಲ್ಟರ್ ಬಳಸಬಹುದಲ್ಲ?

ಕಾರವಾರ_ಹಳಬ:
ಬಳಸಿ, ಅದು ನಿಜವಾಗಿ ಕರಗುವ ಮದ್ದು. ಹಾಯಿಸಿದ ಮೇಲೆ ಫಿಲ್ಟರ್ ಹರಿದಿಲ್ಲವೆಂದು ಬಬಲ್ ಟೆಸ್ಟ್ (ಒದ್ದೆ ಫಿಲ್ಟರ್‌ಗೆ ಗಾಳಿ ಒತ್ತಿ ಗುಳ್ಳೆ ಯಾವ ಒತ್ತಡಕ್ಕೆ ಬರುತ್ತದೆಂದು ನೋಡುವುದು) ಮಾಡಿ.